ಸಾವಿರಕ್ಕೆ ಎರಡೂವರೆ

ವನಗೂರು
18 ನವೆಂಬರ್ 2024

ಪ್ರೀತಿಯ ಯೋಗೇಶನಿಗೆ,

ನಾವು ಚೆನ್ನಾಗಿದ್ದೇವೆ. ನೀನೂ ಬಿಂದುಶ್ರೀಯೂ ಚೆನ್ನಾಗಿದ್ದೀರಿ ಎಂದು ವಾಣಿ ಹೇಳುತ್ತಿರುತ್ತಾಳೆ. ಅಕ್ಕ ತಂಗಿ ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವಾಗ ಷಡ್ಡಕರಾದ ನಾವು ಕಾಗದ ಬರೆದುಕೊಳ್ಳುವುದೇನು ಎಂದು ನಗಬೇಡ. ಹೋದ ತಿಂಗಳು ಬೆಟ್ಟಿಂಗ್ ಕೇಸಿನಲ್ಲಿ ಒಬ್ಬ ಸಿಕ್ಕಿಬಿದ್ದದ್ದು ಅವನ ಫೋನಿನಿಂದಲೇ. ಕಾಗದವನ್ನು ಓದಿ ಒಲೆಗೆ ಹಾಕಬಹುದು. ಇದು ಎಸ್ಟೇಟಿಗೆ ಸಾಮಾನು ತರುವ ಜೀಪಿನಲ್ಲಿ ಸಕಲೇಶಪುರಕ್ಕೆ ಇಳಿದು, ಅಲ್ಲಿಂದ ಮಗ್ಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀನು ಸೆಕ್ರೆಟರಿಯಾಗಿರುವ ಹಾಲಿನ ಡೈರಿಗೆ ಬರುತ್ತದೆ. ನೀನೂ ಹಾಗೇ ಕಳಿಸು.

ಮಾವನ ಜೀಪಿನ ವಿಷಯ ನಿನಗೂ ಗೊತ್ತಲ್ಲ. ಕಣ್ಣು ಮಂಜಾಗಿದೆ, ಇನ್ನು ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅಳಿಯಂದಿರಿಬ್ಬರೂ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರ ಕೊಟ್ಟರೆ ನಮಗೆ. ಶಿವರಾತ್ರಿ ಕಳೆದರೆ ಯಾರು ಕೇಳಿದರೂ ಅವರಿಗೆ ಅಂದಿದ್ದಾರೆ. ಕಾಫಿ ಕಾಲಕ್ಕೆ ಅದು ನನ್ನ ಹತ್ತಿರ ಇರಲಿ, ಆಲೂಗಡ್ಡೆ ಕಾಲಕ್ಕೆ ನಿನ್ನ ಹತ್ತಿರ. ಹನ್ನೊಂದು ವರ್ಷದಿಂದ ಈ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಊರಿಗೆ ಹೋಗಬೇಕೆಂದರೆ ಇವತ್ತಿಗೂ ಇನ್ನೊಬ್ಬರ ಗಾಡಿಗೆ ಕೈ ಅಡ್ಡ ಹಾಕಿ ನಿಲ್ಲುತ್ತೇನೆ. ವಾಣಿ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಾಳೆ. ಆ ಜೀಪು ನನಗೆ ಬೇಕು.

ಅದಕ್ಕೊಂದು ದಾರಿ ಕಂಡಿದೆ, ಸರಿಯಾಗಿ ಓದು. ಈ ಸೀಸನ್ನಿನಲ್ಲಿ ಸಕಲೇಶಪುರದ ವಾಲಿಬಾಲ್ ಟೀಮೂ ಆಲೂರಿನ ಟೀಮೂ ಫೈನಲ್ ಸೇರಿ ಐದು ಸಲ ಎದುರಾಗುತ್ತವೆ. ಈ ಕಡೆ ಬಾಜಿ ಹಿಡಿಯುವವನು ಸಕಲೇಶಪುರದ ಟೀ ಅಂಗಡಿಯ ಲಕ್ಕಪ್ಪ. ಸಕಲೇಶಪುರದವರೆಲ್ಲ ಅಭಿಮಾನಕ್ಕೆ ತಮ್ಮ ಟೀಮಿನ ಮೇಲೇ ಕಟ್ಟುತ್ತಾರೆ. ಹಾಗಾಗಿ ಅದು ಗೆದ್ದರೆ ಸಾವಿರಕ್ಕೆ ಸಾವಿರದ ನಾನೂರು ಮಾತ್ರ ವಾಪಸ್ಸು. ಆಲೂರಿನ ಮೇಲೆ ಕಟ್ಟುವವರೇ ಇಲ್ಲ, ಅದಕ್ಕೆ ಸಾವಿರಕ್ಕೆ ಎರಡೂವರೆ ಸಾವಿರ. ನಿನ್ನ ಕಡೆ ಆಲೂರಿನಲ್ಲಿ ಬಾಜಿ ಹಿಡಿಯುವ ಚಲುವಯ್ಯನ ಹತ್ತಿರ ವಿಚಾರಿಸಿದೆ. ಅಲ್ಲಿ ಇದೇ ದರ, ತಿರುಗಾಮುರುಗ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ವಾಲಿಬಾಲಿನಲ್ಲಿ ಮಾತ್ರ ಎಲ್ಲರಿಗೂ ಹಿತ್ತಲ ಗಿಡವೇ ಮದ್ದು.

ನಾನು ಇಲ್ಲಿ ಆಲೂರಿನ ಮೇಲೆ ಸಾವಿರ ಕಟ್ಟುತ್ತೇನೆ, ನೀನು ಅಲ್ಲಿ ಸಕಲೇಶಪುರದ ಮೇಲೆ ಸಾವಿರ ಕಟ್ಟು. ಹೋದದ್ದು ಎರಡು ಸಾವಿರ. ಯಾರೇ ಗೆಲ್ಲಲಿ, ಬರುವುದು ಎರಡೂವರೆ. ವಾಲಿಬಾಲಿನಲ್ಲಿ ಡ್ರಾ ಇಲ್ಲ. ಗೆದ್ದವನು ಅರ್ಧ ಕಳಿಸಬೇಕು, ಅಷ್ಟೇ ನಿಯಮ. ತಲಾ ಇಪ್ಪತ್ತು ಸಾವಿರದಿಂದ ಶುರು ಮಾಡಿ, ಬಂದದ್ದನ್ನೆಲ್ಲ ಮತ್ತೆ ಕಟ್ಟುತ್ತ ಹೋದರೆ ಫೈನಲ್ ಮುಗಿಯುವಾಗ ಜೀಪು ನಮ್ಮದು.

ಹೆಂಡತಿಯರಿಗೆ ಹೇಳಬಾರದು. ಒಬ್ಬಳಿಗೆ ಹೇಳಿದರೆ ಇಬ್ಬರಿಗೂ ಹೇಳಿದಂತೆ. ಲಕ್ಕಪ್ಪನಿಗೂ ಚಲುವಯ್ಯನಿಗೂ ಗೊತ್ತಾದರೆ ಅವತ್ತೇ ದರ ಸರಿಮಾಡಿಕೊಳ್ಳುತ್ತಾರೆ.

ನಿನ್ನ
ಧರ್ಮ

ಮಗ್ಗೆ
22 ನವೆಂಬರ್ 2024

ಅಣ್ಣನವರಿಗೆ ಯೋಗೇಶನ ನಮಸ್ಕಾರ.

ನಿಮ್ಮ ಕಾಗದವನ್ನು ಡೈರಿಯಲ್ಲಿ ಹಾಲಿನ ಕ್ಯಾನುಗಳ ಹಿಂದೆ ಕೂತು ಮೂರು ಸಲ ಓದಿದೆ. ಮೊದಲು ಇದೇನೋ ಮೋಸ ಅನ್ನಿಸಿತು. ಆಮೇಲೆ ಯೋಚಿಸಿದರೆ ನಾವು ಯಾರಿಗೂ ಸುಳ್ಳು ಹೇಳುತ್ತಿಲ್ಲವಲ್ಲ. ನಿಮ್ಮ ತಲೆಯೇ ತಲೆ. ಇಪ್ಪತ್ತು ಸಾವಿರ ಹೊಂದಿಸಿದ್ದೇನೆ.

ಒಂದೇ ಅಳುಕು. ಆಲೂರಿನಲ್ಲಿ ನಿಂತು ಸಕಲೇಶಪುರದ ಮೇಲೆ ಕಟ್ಟಿದರೆ ನಮ್ಮ ಕಡೆಯವರು ಏನಂದುಕೊಂಡಾರು? ಇರಲಿ, ಜೀಪು ಬಂದ ಮೇಲೆ ಎಲ್ಲಾ ಮರೆತುಹೋಗುತ್ತದೆ. ಕಾಗದವನ್ನು ಸುಡಲಿಲ್ಲ. ಲೆಕ್ಕ ಮರೆತರೆ ನೋಡಲು ಬೇಕಲ್ಲ ಎಂದು ಇಟ್ಟುಕೊಂಡಿದ್ದೇನೆ.

ಯೋಗೇಶ

ಮಗ್ಗೆ
9 ಡಿಸೆಂಬರ್ 2024

ಅಣ್ಣ,

ನಿನ್ನೆ ಸಕಲೇಶಪುರ ಗೆದ್ದಿತು. ಚಲುವಯ್ಯ ಐವತ್ತು ಸಾವಿರ ಎಣಿಸಿಕೊಟ್ಟ. ನಿಯಮದಂತೆ ಅರ್ಧ ಈ ತುಪ್ಪದ ಡಬ್ಬಿಯ ತಳದಲ್ಲಿದೆ. ತುಪ್ಪವೂ ನಿಜವಾದದ್ದೇ, ಅತ್ತಿಗೆಗೆ ಕೊಡಿ.

ಹಣ ಎಣಿಸುವಾಗ ಚಲುವಯ್ಯ, “ಏನೋ ಸೆಕ್ರೆಟ್ರಿ, ಊರಿಗೇ ಉಲ್ಟಾ ಕಟ್ಟಿ ಗೆದ್ಬುಟ್ಟಲ್ಲೋ ಮಾರಾಯ” ಅಂದ. ಪಕ್ಕದಲ್ಲಿದ್ದವರು ಯಾರೂ ನಗಲಿಲ್ಲ. ನನಗೇನೋ ಒಂಥರಾ ಖುಷಿಯೇ ಆಯಿತು. ಜೀವನದಲ್ಲಿ ಯಾವುದನ್ನೂ ಗೆದ್ದವನಲ್ಲ ನಾನು.

ಯೋಗೇಶ

ವನಗೂರು
24 ಡಿಸೆಂಬರ್ 2024

ಯೋಗೇಶನಿಗೆ,

ಎರಡನೆಯ ಡಬ್ಬಿಯೂ ತಲುಪಿತು. ಮೊನ್ನೆಯೂ ಸಕಲೇಶಪುರವೇ ಗೆದ್ದಿತು, ನೀನೇ ಗೆದ್ದೆ. ಲೆಕ್ಕಕ್ಕೆ ನಾನೂ ಗೆದ್ದೆ. ಅದನ್ನು ಲಕ್ಕಪ್ಪನ ಅಂಗಡಿಯಲ್ಲಿ ಹೇಳುವಂತಿಲ್ಲ. “ರೈಟ್ರೇ, ನಿಮ್ಗೆ ಯಾರ್ ಹೇಳಿದ್ದು ಆಲೂರ್ ಮೇಲೆ ಕಟ್ಟಿ ಅಂತ? ಬುದ್ಧಿ ಐತಾ?” ಎಂದು ಒಬ್ಬ ಕೇಳಿದ. ಇನ್ನೊಬ್ಬ ನನಗೆ ಟೀ ಕೊಡಿಸಿದ, ಪಾಪ ಎಂದು. ಪಾಪದ ಟೀ ಗಂಟಲಲ್ಲಿ ಇಳಿಯುವುದು ಕಷ್ಟ.

ಸುದ್ದಿ ಬಾಳ್ಳುಪೇಟೆಗೆ, ಮಾವನ ಮನೆಗೂ ಹೋಗಿದೆ. ಮಾವ ವಾಣಿಗೆ ಫೋನಿನಲ್ಲಿ, “ಚಿಕ್ಕಳಿಯನ ಕೈಗುಣ ನೋಡು, ಮುಟ್ಟಿದ್ದೆಲ್ಲಾ ಚಿನ್ನ ಆಯ್ತದೆ. ನಿನ್ ಗಂಡಂಗೆ ಯಾಕ್ ಬೇಕಿತ್ತು ಇದೆಲ್ಲಾ” ಅಂದರಂತೆ. ವಾಣಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡಬಾರದೆಂಬ ನಿಯಮ ಮಾಡಿದವನು ನಾನೇ.

ನಿನ್ನ ಮೇಲೆ ನನಗೇನೂ ಇಲ್ಲ. ಆದರೆ ಗೆದ್ದಾಗ ಸ್ವಲ್ಪ ಕಡಿಮೆ ನಗು. ನೀನು ಆಲೂರಿನಲ್ಲಿ ಹೊಸ ಶರ್ಟು ಹಾಕಿಕೊಂಡು ಹಣ ತೆಗೆದುಕೊಂಡೆಯಂತೆ. ಶರ್ಟಿನ ಬಣ್ಣ ಕೂಡ ನನಗೆ ಗೊತ್ತು.

ಧರ್ಮ

ಮಗ್ಗೆ
7 ಜನವರಿ 2025

ಅಣ್ಣನವರಿಗೆ,

ಮೂರನೆಯದೂ ಸಕಲೇಶಪುರಕ್ಕೇ ಹೋಯಿತು. ಡಬ್ಬಿ ಕಳಿಸಿದ್ದೇನೆ.

ಆ ಶರ್ಟು ಹೊಸದಲ್ಲ, ಬಿಂದು ತನ್ನ ಸೋದರಮಾವನ ಮಗನ ಮದುವೆಗೆ ತೆಗೆಸಿಕೊಟ್ಟದ್ದು, ನೀವೇ ಅವತ್ತು ಚೆನ್ನಾಗಿದೆ ಅಂದಿದ್ದಿರಿ. ನಾನು ನಗುತ್ತಿರುವುದನ್ನು ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಡೈರಿಗೆ ಹಾಲು ತರುವವರು ಈಗ ಕ್ಯಾನು ಕುಕ್ಕಿ ಇಟ್ಟು ಹೋಗುತ್ತಾರೆ. ಹಾಲಿನ ಚೀಟಿಯನ್ನು ಕೈಯಿಂದ ತೆಗೆದುಕೊಳ್ಳುವುದಿಲ್ಲ, ಮೇಜಿನ ಮೇಲಿಡು ಅನ್ನುತ್ತಾರೆ. ಹೋದ ವಾರ ಬೈಕಿನ ಎರಡೂ ಚಕ್ರದ ಗಾಳಿ ತೆಗೆದಿದ್ದರು. ಮೂರು ಮೈಲಿ ತಳ್ಳಿಕೊಂಡು ಬಂದೆ. ಆಲೂರಿನ ಟೀಮು ಸೋಲುವುದೇ ನನ್ನ ಕೈಗುಣದಿಂದ ಎಂದು ಒಬ್ಬರು ಎದುರಿಗೇ ಹೇಳಿದರು.

ನಿಮಗೆ ಅಲ್ಲಿ ಟೀ ಕೊಡಿಸುತ್ತಾರೆ. ಅತ್ತೆ ಮಾದೇವಮ್ಮನವರು ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕಡುಬು ಮಾಡಿ ನಾಟಿಕೋಳಿ ಸಾರಿನ ಜೊತೆ ವನಗೂರಿನವರೆಗೆ ಕಳಿಸಿದರಂತೆ, “ದೊಡ್ಡಳಿಯ ಬೇಜಾರಾಗವ್ನೆ” ಎಂದು. ಗೆದ್ದವನಿಗೆ ಯಾರೂ ಕಡುಬು ಕಳಿಸುವುದಿಲ್ಲ ಅಣ್ಣ. ಈ ಮನೆಗೆ ಅಳಿಯನಾಗಿ ಬಂದು ಆರು ವರ್ಷವಾಯಿತು, ನನಗಾಗಿ ಅವರು ಒಲೆ ಹಚ್ಚಿದ್ದು ನೆನಪಿಲ್ಲ. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಯೋಗೇಶ

ವನಗೂರು
21 ಜನವರಿ 2025

ಯೋಗೇಶಪ್ಪನವರಿಗೆ,

ನಾಲ್ಕನೆಯ ಗೆಲುವಿಗೆ ಅಭಿನಂದನೆ. ನಿಮ್ಮಂಥ ಕೈಗುಣದವರಿಗೆ ಕಾಗದ ಬರೆಯುವುದೇ ನಮ್ಮ ಪುಣ್ಯ.

ಇಷ್ಟಕ್ಕೇ ನಿಲ್ಲಿಸೋಣವೆಂದಿದ್ದೆ, ಆಗುತ್ತಿಲ್ಲ. ಮಾವನ ತೋಟದಲ್ಲಿ ರೋಬಸ್ಟಾ ಕುಯ್ಲಿನ ಮೊದಲ ಬುಟ್ಟಿಗೆ ಹಣ್ಣು ಹಾಕುವುದು ದೊಡ್ಡಳಿಯನ ಕೈ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅವರು ನಡೆಸಿಕೊಂಡು ಬಂದ ಪದ್ಧತಿ ಅದು. ಹನ್ನೆರಡು ವರ್ಷ ನಾನು ಹಾಕಿದ್ದೇನೆ. ಈ ಸಲ ನನಗೆ ಫೋನೇ ಬರಲಿಲ್ಲ. ವಾಣಿ ಹೋಗಿದ್ದಳು. ನೀನು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತು ಮೊದಲ ಬುಟ್ಟಿ ತುಂಬಿಸಿದೆಯಂತೆ. ಮಾವ ನಾಲ್ಕು ಜನರ ಎದುರು, “ಈ ವರ್ಷ ಗೆಲ್ಲೋ ಕೈಲಿ ಸುರು ಆಗ್ಲಿ” ಅಂದರಂತೆ. ವಾಣಿ ಅಲ್ಲೇ ನಿಂತಿದ್ದಳು. ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಅಕ್ಕಿ ಆರಿಸುತ್ತ ಕೂತಳು.

ನಿನಗೆ ಒಂದು ಮಾತು ಹೇಳಲು ಆಗಲಿಲ್ಲವೇ, ಇದು ಅಣ್ಣನ ಕೆಲಸ, ಅಣ್ಣ ಬರಲಿ ಎಂದು? ಯಾರ ಲೆಕ್ಕದಿಂದ ನೀನು ಗೆಲ್ಲುವ ಕೈ ಆದೆ? ನನಗೆ ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಆಳುಗಳ ಹಾಜರಿ ಬರೆಯುವಾಗ ಮೊನ್ನೆ ಎರಡು ಸಲ ನಿನ್ನ ಹೆಸರು ಬರೆದೆ.

ಫೈನಲ್ ಫೆಬ್ರವರಿ ಹದಿನಾರಕ್ಕೆ. ತಲಾ ನಲವತ್ತೆಂಟು ಸಾವಿರ ಕಟ್ಟಬೇಕು. ಬರುವುದು ಸರಿಯಾಗಿ ಒಂದು ಲಕ್ಷ ಇಪ್ಪತ್ತು ಸಾವಿರ, ಜೀಪಿನ ಬೆಲೆ.

ಧರ್ಮ

ಮಗ್ಗೆ
29 ಜನವರಿ 2025

ಅಣ್ಣನವರಿಗೆ,

ಮಾವ ಬೆಳಿಗ್ಗೆ ಫೋನ್ ಮಾಡಿ ಬಾ ಅಂದರು, ಹೋದೆ. ಬುಟ್ಟಿ ಕೈಗೆ ಕೊಟ್ಟ ಮೇಲೇ ಗೊತ್ತಾಗಿದ್ದು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ನನಗೂ ಒಮ್ಮೆ ಬೇಕಾಗಿತ್ತು ಅಂತಲೇ ಇಟ್ಟುಕೊಳ್ಳಿ.

ಆದರೆ ಅವತ್ತು ಊಟಕ್ಕೆ ಕೂತಾಗ ಅತ್ತೆ ಮೊದಲು ಕೇಳಿದ್ದು, “ಧರ್ಮ ಯಾಕ್ ಬರ್ಲಿಲ್ಲ? ಅವ್ನಿಲ್ದೆ ಮನೆ ಬಣಬಣ ಅಂತೈತೆ” ಎಂದು. ನಿಮ್ಮ ಎಲೆಗೆ ಬಡಿಸುವುದನ್ನು ಒಂದು ಬಟ್ಟಲಲ್ಲಿ ಎತ್ತಿಟ್ಟರು. ಅತ್ತಿಗೆ ನಿಮಗೆ ಅದನ್ನು ತಂದುಕೊಡಲಿಲ್ಲವೇ?

ಊರಿನಲ್ಲಿ ನಮ್ಮನ್ನು ಯಾರೂ ಕರೆಯುತ್ತಿಲ್ಲ. ಮೊನ್ನೆ ಪಕ್ಕದ ಮನೆಯ ನಾಮಕರಣಕ್ಕೆ ಬಿಂದುವಿಗೆ ಹೇಳಲಿಲ್ಲ. ಇನ್ನೊಂದೇ ಮ್ಯಾಚು. ಹೇಳಿದಂತೆ ಕಟ್ಟುತ್ತೇನೆ.

ಯೋಗೇಶ

ವನಗೂರು
14 ಫೆಬ್ರವರಿ 2025

ಯೋಗೇಶ,

ನಾಳೆ ಶನಿವಾರ, ಸಕಲೇಶಪುರಕ್ಕೆ ಹೋಗಿ ಲಕ್ಕಪ್ಪನ ಹತ್ತಿರ ಕಟ್ಟುತ್ತೇನೆ. ಎಲ್ಲಾ ಮಾತಾಡಿದಂತೆಯೇ. ಬಟ್ಟಲು ತಲುಪಿತ್ತು. ನಾನು ತಿನ್ನಲಿಲ್ಲ.

ಧರ್ಮ

ಮಗ್ಗೆ
17 ಫೆಬ್ರವರಿ 2025

ಅಣ್ಣನವರಿಗೆ,

ಕೊನೆಗೂ ಆಲೂರು ಗೆದ್ದಿತು. ಐದನೆಯ ಸೆಟ್ಟಿನವರೆಗೆ ಹೋಗಿ ಗೆದ್ದರು. ಈ ಸಲ ನಾನು ಸೋತೆ, ನೀವು ಗೆದ್ದಿರಿ. ನಲವತ್ತೆಂಟು ಸಾವಿರವನ್ನೂ ಚಲುವಯ್ಯ ನಗುತ್ತಲೇ ಪೆಟ್ಟಿಗೆಗೆ ಹಾಕಿಕೊಂಡ. ನಮ್ಮ ಒಂದು ಲಕ್ಷ ಇಪ್ಪತ್ತು ಸಾವಿರ ಲಕ್ಕಪ್ಪನಿಂದ ನಿಮ್ಮ ಕೈಗೆ ಬಂದಿರಬೇಕು. ನನಗೆ ಅರ್ಧ ಕಳಿಸುವುದೇನೂ ಬೇಡ, ಶಿವರಾತ್ರಿಗೆ ಮುಂಚೆ ನೇರವಾಗಿ ಮಾವನಿಗೇ ಕೊಟ್ಟುಬಿಡಿ. ನಿಮ್ಮ ಕೈಯಿಂದಲೇ ಹೋಗಲಿ. ನಿಮ್ಮ ಮನಸ್ಸಿಗೂ ಸಮಾಧಾನವಾಗುತ್ತದೆ.

ಡೈರಿಯಲ್ಲಿ ಕೆಲಸ ಜಾಸ್ತಿ. ಹಬ್ಬಕ್ಕೆ ಬಾಳ್ಳುಪೇಟೆಗೆ ಬರಲು ಆಗುವುದಿಲ್ಲ.

ಯೋಗೇಶ

ವನಗೂರು
20 ಫೆಬ್ರವರಿ 2025

ಯೋಗೇಶನಿಗೆ,

ಕಾಗದ ಬಂತು. ಲಕ್ಕಪ್ಪ ಯಾವುದೋ ಮದುವೆಗೆಂದು ಹೋಗಿದ್ದಾನೆ. ಬಂದ ಮೇಲೆ ಕೊಡುತ್ತಾನೆ. ನೀನು ಅವಸರ ಮಾಡಬೇಡ. ಸೋತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಸೋಲುವುದು ಹೇಗಿರುತ್ತದೆಂದು ಒಂದು ಸಲವಾದರೂ ಗೊತ್ತಾಗಬೇಕಿತ್ತು ನಿನಗೆ.

ಧರ್ಮ

ವನಗೂರು
27 ಫೆಬ್ರವರಿ 2025

ಯೋಗೇಶ,

ನಿನ್ನೆ ಶಿವರಾತ್ರಿಗೆ ಬಾಳ್ಳುಪೇಟೆಗೆ ಹೋಗಿದ್ದೆ. ಮಾವನಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಜಗಲಿಯಲ್ಲಿ ಕೂತು ಏನು ಸುಳ್ಳು ಹೇಳಲಿ ಎಂದು ಯೋಚಿಸುತ್ತಿದ್ದಾಗ ಅವರೇ ಮಾತು ತೆಗೆದರು. “ನಿನ್ ಷಡ್ಡಕನ್ನ ಆಲೂರ್ನಲ್ಲಿ ಹೆಗಲ್ ಮೇಲೆ ಹೊತ್ಕೊಂಡು ಮೆರೆಸುದ್ರಂತೆ ಕಣಪ್ಪ. ಈ ಸಲ ಊರ್ ಟೀಮ್ ಮೇಲೇ ಕಟ್ಟಿದ್ನಂತೆ. ಆಗ್ಲೂ ಗೆದ್ದ ನೋಡು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಿನ್ನ ಕಾಗದ ನೆನಪಾಯಿತು. ಸೋತೆ ಎಂದು ಬರೆದೆಯಲ್ಲ, ಚಲುವಯ್ಯ ನಗುತ್ತಾ ಪೆಟ್ಟಿಗೆಗೆ ಹಾಕಿಕೊಂಡ ಎಂದೂ ಬರೆದೆಯಲ್ಲ. ಎಷ್ಟು ಚೆನ್ನಾಗಿ ಬರೆದೆ.

ಈಗ ನನ್ನದನ್ನೂ ಕೇಳು. ಲಕ್ಕಪ್ಪ ಯಾವ ಮದುವೆಗೂ ಹೋಗಿರಲಿಲ್ಲ. ನಾನು ಆಲೂರಿನ ಮೇಲೆ ಕಟ್ಟಲೇ ಇಲ್ಲ. ಸಕಲೇಶಪುರದ ಮೇಲೆ ಕಟ್ಟಿದೆ, ನಲವತ್ತೆಂಟನ್ನೂ. ಶನಿವಾರ ಅಂಗಡಿಗೆ ಹೋದಾಗ ಇಡೀ ಊರು ನಾಳೆ ಗೆಲ್ಲುತ್ತೇವೆಂದು ಕುಣಿಯುತ್ತಿತ್ತು. ನಾಲ್ಕು ಸಲ ಅವರ ಮಧ್ಯೆ ಪೆಚ್ಚಾಗಿ ನಿಂತಿದ್ದೆ. ಐದನೆಯ ಸಲ ಅವರ ಜೊತೆ ಗೆದ್ದು, ಆ ಹಣವನ್ನು ವಾಣಿಯ ಎದುರು ಎಣಿಸಬೇಕು ಅನ್ನಿಸಿತು. ನೀನು ಹೇಗೂ ಸಕಲೇಶಪುರದ ಮೇಲೆ ಕಟ್ಟಿರುತ್ತೀಯ, ಗೆದ್ದರೆ ನಿನ್ನ ಹಣದಲ್ಲಿ ಜೀಪು ಬರುತ್ತದೆ, ನನ್ನದು ಮೇಲಿನ ಲಾಭ ಎಂದು ಲೆಕ್ಕ ಹಾಕಿದೆ. ಆಲೂರು ಗೆದ್ದರೆ ಏನು ಎಂದು ಲೆಕ್ಕ ಹಾಕಲಿಲ್ಲ. ನಿನ್ನ ಗೆಲುವಿನಲ್ಲಿ ಅರ್ಧ ನನ್ನದು ಎಂದು ತಲೆಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ನಾವಿಬ್ಬರೂ ಹಾಗೆ. ನಿನ್ನ ಕಡೆ ನೀನು ಊರಿನ ಮೇಲೆ, ನನ್ನ ಕಡೆ ನಾನು ಊರಿನ ಮೇಲೆ. ಇಬ್ಬರೂ ಸಾವಿರಕ್ಕೆ ಸಾವಿರದ ನಾನೂರರ ಕಡೆ ಹೋಗಿ ನಿಂತೆವು. ಯಾರೇ ಗೆದ್ದಿದ್ದರೂ ನಮ್ಮ ಎರಡು ಸಾವಿರಕ್ಕೆ ಬರುತ್ತಿದ್ದದ್ದು ಅಷ್ಟೇ. ಸೋಲಲಾಗದ ಆಟದಲ್ಲಿ ಗೆಲ್ಲಲಾಗದ ಹಾಗೆ ಕಟ್ಟಿದೆವು. ಇಷ್ಟಕ್ಕೂ ನೀನು ಯಾಕೆ ಹೀಗೆ ಮಾಡಿದೆ? ಗೆಲುವೆಲ್ಲ ನಿನ್ನ ಹತ್ತಿರವೇ ಇತ್ತಲ್ಲ.

ಧರ್ಮ

ಮಗ್ಗೆ
3 ಮಾರ್ಚ್ 2025

ಅಣ್ಣ,

ಯಾಕೆ ಎಂದು ಕೇಳಿದಿರಿ. ನಿಮ್ಮ ಸೋಲಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ನಗಬೇಡಿ. ನೀವು ಸೋತಷ್ಟೂ ಜನ ನಿಮ್ಮ ಹತ್ತಿರ ಬಂದರು, ನಾನು ಗೆದ್ದಷ್ಟೂ ದೂರ ಹೋದರು. ಮಾವ ಕೈಗುಣ ಕೈಗುಣ ಎಂದು ಹೊಗಳಿದರೇ ಹೊರತು ಒಂದು ದಿನ ಕೂರಿಸಿಕೊಂಡು ಹೇಗಿದ್ದೀಯ ಎಂದು ಕೇಳಲಿಲ್ಲ. ಅತ್ತೆ ಬಟ್ಟಲಲ್ಲಿ ನಿಮ್ಮ ಪಾಲು ಎತ್ತಿಟ್ಟರಲ್ಲ, ಅವತ್ತೇ ತೀರ್ಮಾನ ಮಾಡಿದೆ. ಕೊನೆಯ ಮ್ಯಾಚಿಗೆ ನಮ್ಮೂರಿನ ಮೇಲೆ ಕಟ್ಟುತ್ತೇನೆ, ಸೋತರೂ ಊರಿನ ಜೊತೆ ಸೋಲುತ್ತೇನೆ ಎಂದು. ಗೆದ್ದರೆ ನೀವು ಆಲೂರಿನ ಮೇಲೆ ಕಟ್ಟಿದ್ದೇ ಜೀಪಿಗೆ ಸಾಕು ಅಂದುಕೊಂಡೆ. ನೀವು ಮಾಡಿದ ಲೆಕ್ಕವನ್ನೇ ಮಾಡಿದ್ದೆ.

ಅವತ್ತು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಕ್ಯಾನು ಕುಕ್ಕುತ್ತಿದ್ದವರೇ ಎತ್ತಿಕೊಂಡದ್ದು. ನಿಜ ಹೇಳುತ್ತೇನೆ, ಮೇಲೆ ಕೂತಿದ್ದಷ್ಟು ಹೊತ್ತು ನನಗೆ ಜೀಪು ನೆನಪಿಗೇ ಬರಲಿಲ್ಲ. ಮಾರನೆಯ ದಿನ ನಿಮಗೆ ಸುಳ್ಳು ಬರೆಯುವಾಗ ಬಂತು.

ಚಲುವಯ್ಯ ಕೊಟ್ಟದ್ದು ಅರವತ್ತೇಳು ಸಾವಿರದ ಇನ್ನೂರು. ನಿಯಮದಂತೆ ಅರ್ಧ ಡಬ್ಬಿಯಲ್ಲಿದೆ. ಈ ಸಲ ತುಪ್ಪ ಇಲ್ಲ, ಇಷ್ಟು ತುಪ್ಪ ಯಾರಿಗೆ ಎಂದು ಬಿಂದು ಕೇಳುತ್ತಿದ್ದಾಳೆ. ಮಾವನಿಗೆ ಇನ್ನೊಂದು ತಿಂಗಳು ಕಾಯಲು ಹೇಳಿ ಅಣ್ಣ. ನೀವು ಹೇಳಿದರೆ ಅತ್ತೆ ಕೇಳುತ್ತಾರೆ, ಅತ್ತೆ ಹೇಳಿದರೆ ಮಾವ ಕೇಳುತ್ತಾರೆ.

ನಿಮ್ಮ
ಯೋಗೇಶ

ವನಗೂರು
12 ಮಾರ್ಚ್ 2025

ಯೋಗೇಶನಿಗೆ,

ಡಬ್ಬಿ ಬಂತು. ಎಣಿಸಿದೆ, ಸರಿಯಾಗಿತ್ತು. ಎಣಿಸಿದ್ದಕ್ಕೆ ನಾಚಿಕೆಯಾಯಿತು.

ಮಾವನಿಗೆ ಹೇಳುವ ಕಾಲ ಮೀರಿತ್ತು. ಶಿವರಾತ್ರಿಯ ಮಾರನೆಯ ದಿನವೇ ಒಬ್ಬ ಬಂದು ಪೂರ್ತಿ ಹಣ ಎಣಿಸಿಕೊಟ್ಟು ಜೀಪು ತೆಗೆದುಕೊಂಡು ಹೋದನಂತೆ. ಯಾರು ಎಂದು ಕೇಳಬೇಡ, ಹೇಳುತ್ತೇನೆ. ಲಕ್ಕಪ್ಪ. ಫೈನಲಿನಲ್ಲಿ ಇಡೀ ಸಕಲೇಶಪುರ ಅಭಿಮಾನಕ್ಕೆ ಕಟ್ಟಿ ಸೋತಿತಲ್ಲ, ಆ ಹಣ. ಅದರಲ್ಲಿ ನಲವತ್ತೆಂಟು ಸಾವಿರ ನನ್ನದು.

ಈಗ ಅವನು ಅದನ್ನು ನಮ್ಮ ಎಸ್ಟೇಟಿಗೇ ಬಾಡಿಗೆಗೆ ಬಿಟ್ಟಿದ್ದಾನೆ. ಲೈನ್ ಮನೆಗಳ ಆಳುಗಳನ್ನು ಮೇಲಿನ ತೋಟಕ್ಕೆ ಕರೆದೊಯ್ಯುವುದು, ಸ್ಟೋರಿಗೆ ಸಾಮಾನು ತರುವುದು ಎಲ್ಲಾ ಅದೇ. ಪ್ರತಿ ಟ್ರಿಪ್ಪಿನ ಚೀಟಿಗೆ ರೈಟರ್ ಸಹಿ ಬೇಕು. ದಿನಕ್ಕೆ ನಾಲ್ಕು ಸಲ ಮಾವನ ಜೀಪಿನ ನಂಬರ್ ಬರೆದು ಕೆಳಗೆ ನನ್ನ ಹೆಸರು ಹಾಕುತ್ತೇನೆ. ನಿನ್ನೆ ಲಕ್ಕಪ್ಪ ಸ್ಟೇರಿಂಗ್ ತಟ್ಟಿ, “ನಿಮ್ ಮಾವನ್ ಗಾಡಿ ಒಳ್ಳೇ ಗಾಡಿ ಕಣ್ರೀ ರೈಟ್ರೇ. ವನಗೂರ್ ಏರೂ ಉಸ್ಸ್ ಅನ್ದಂಗೆ ಹತ್ತುತೈತೆ” ಅಂದ. ಬನ್ನಿ ಒಂದು ಸುತ್ತು ಹೋಗಿಬರೋಣ ಎಂದು ಮುಂದಿನ ಸೀಟಿನ ಬಾಗಿಲು ತೆಗೆದ. ವಾಣಿ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಇಬ್ಬರೂ ಹಿಂದೆ ಆಳುಗಳ ಜೊತೆ ಹತ್ತಿಕೊಂಡು ಹೋದೆವು.

ರಾತ್ರಿ ಅವಳಿಗೆ ಎಲ್ಲಾ ಹೇಳಿದೆ, ಮೊದಲ ಕಾಗದದಿಂದ. ನೀನೂ ಬಿಂದುಶ್ರೀಗೆ ಹೇಳು, ಹೇಗೂ ಇಷ್ಟು ಹೊತ್ತಿಗೆ ಫೋನಿನಲ್ಲಿ ಗೊತ್ತಾಗಿರುತ್ತದೆ. ವಾಣಿ ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಒಂದೇ, “ನಾಲ್ಕ್ ಸಲ ಗೆದ್ದಿದ್ರಲ್ಲಾ, ನಂಗ್ ಒಂದ್ಸಲ ಹೇಳಿದ್ರೆ ಸಾಕಾಗಿರ್ಲಿಲ್ವಾ?”

ಮೂರು ತಿಂಗಳು ನಿನ್ನ ಮೇಲೆ ಉರಿದಿದ್ದೇನೆ. ನಿನ್ನ ಶರ್ಟು, ನಿನ್ನ ನಗು, ನೀನು ತುಂಬಿಸಿದ ಬುಟ್ಟಿ. ಆ ಮುಂದಿನ ಸೀಟಿನಲ್ಲಿ ನೀನು ಕೂತಿದ್ದು, ಸ್ಟೇರಿಂಗ್ ನಿನ್ನ ಕೈಯಲ್ಲೇ ಇದ್ದಿದ್ದರೂ ನನಗೆ ನಿನ್ನೆಯಷ್ಟು ಉರಿಯುತ್ತಿರಲಿಲ್ಲ.

ಇನ್ನು ಬರೆಯಲು ಸಮಯವಿಲ್ಲ. ಈ ಕಾಗದ ಇಳಿಯಬೇಕಾದದ್ದೂ ಅದೇ ಜೀಪಿನಲ್ಲಿ. ಲಕ್ಕಪ್ಪ ಸ್ಟೋರಿನ ಮುಂದೆ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ, ಚೀಟಿಗೆ ಸಹಿ ಹಾಕಬೇಕು.

ನಿನ್ನ ಅಣ್ಣ
ಧರ್ಮ